ದಮ್ಮು ಇರೋದು ಎದೆಯಲ್ಲಿ, ಸೂಜಿ ಮಾತ್ರ ತೋಳಿಗೆ!

ನಮ್ಮ ಎಮ್ಮಿಗನೂರು ಕಡೆ ಯಾವ ಓಣಿಗೆ ಹೋದರೂ ವರ್ಷಗಟ್ಟಲೆ ಕೆಮ್ಮುತ್ತಾ, ನಾಲ್ಕು ಹೆಜ್ಜೆ ನಡೆದರೆ ಕಟ್ಟೆ ಹುಡುಕುವ ಹಿರಿಯರು ಸಿಗುತ್ತಾರೆ. ಅವರ ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ರಕ್ತ ಪರೀಕ್ಷೆಯ ಚೀಟಿಗಳ ಕಂತೆ. ಇಎಸ್‌ಆರ್ ಜಾಸ್ತಿ, ಸಿಆರ್‌ಪಿ ಜಾಸ್ತಿ. 'ಒಳಗೆ ಉರಿಯೂತ ಇದೆಯಂತೆ' ಅಂತಾರೆ. ಕಾಯಿಲೆ ಯಾವುದು? ಗೊತ್ತಿಲ್ಲ. ಒಮ್ಮೆಯಾದರೂ ಮಷೀನಿಗೆ ಊದಿಸಿದರಾ? ಇಲ್ಲ.

ಇದು ಸರಿಯಲ್ಲ ಅಂತ ನಾವು ನೇರವಾಗಿಯೇ ಹೇಳುತ್ತೇವೆ. ಉರಿಯೂತದ ರಕ್ತ ಪರೀಕ್ಷೆಯಿಂದ ಸಿಓಪಿಡಿ ಎಂಬ ಹಳೇ ದಮ್ಮು ಪತ್ತೆಯಾಗುವುದಿಲ್ಲ. ಸಿಆರ್‌ಪಿ ಅನ್ನೋದು ಲಿವರ್ ತಯಾರಿಸುವ ಪ್ರೋಟೀನ್. ಹುಣ್ಣು ಕೀವಾದರೂ ಏರುತ್ತದೆ, ನ್ಯುಮೋನಿಯಾ ಬಂದರೂ ಏರುತ್ತದೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಇಎಸ್‌ಆರ್ ಹಾಗೆಯೇ ಹೆಚ್ಚು ತೋರಿಸಬಹುದು. ಹೊಗೆ ಕಂಡಿತು ಅಂದಮಾತ್ರಕ್ಕೆ ಯಾವ ಮನೆ ಸುಡುತ್ತಿದೆ ಅಂತ ಗೊತ್ತಾಗುತ್ತಾ?

ಸಿಓಪಿಡಿ ಹೌದೋ ಅಲ್ಲವೋ ಹೇಳುವುದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ. ಶ್ವಾಸನಾಳ ಬಿಚ್ಚುವ ಔಷಧ ಎಳೆದುಕೊಂಡ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಶೇ. 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ನಾಳ ಕಿರಿದಾಗಿದೆ ಅಂತ ಅರ್ಥ. ಸೂಜಿ ಬೇಡ, ರಕ್ತ ಬೇಡ.

ಹಾಗಂತ ರಕ್ತ ಪರೀಕ್ಷೆಯೇ ದಂಡ ಅನ್ನುತ್ತಿಲ್ಲ. ಎರಡು ಕಡೆ ಅದು ಕೆಲಸಕ್ಕೆ ಬರುತ್ತದೆ. ಮೊದಲನೆಯದು ಇಯೋಸಿನೋಫಿಲ್. ಸಾಮಾನ್ಯ ಸಿಬಿಸಿ ಚೀಟಿಯಲ್ಲೇ ಇರುತ್ತದೆ. ಸಿಓಪಿಡಿ ಖಚಿತವಾದವರಿಗೆ, ಪದೇ ಪದೇ ದಮ್ಮು ಕೆರಳುತ್ತಿದ್ದರೆ, ಈ ಸಂಖ್ಯೆ 300 ದಾಟಿದ್ದಾಗ ಸ್ಟೀರಾಯ್ಡ್ ಇನ್‌ಹೇಲರ್ ಉಪಯೋಗವಾಗುವ ಸಂಭವ ಹೆಚ್ಚು. 100ಕ್ಕಿಂತ ಕಡಿಮೆ ಇದ್ದರೆ ಲಾಭ ಕಡಿಮೆ. ಹೊಟ್ಟೆಹುಳುವಿನಿಂದಲೂ ಇದು ಏರುತ್ತದೆ, ಅದನ್ನೂ ನೋಡಬೇಕು.

ಎರಡನೆಯದು, ದಮ್ಮು ದಿಢೀರ್ ಕೆರಳಿದಾಗ ಸಿಆರ್‌ಪಿ. ಬ್ರಿಟನ್ನಿನಲ್ಲಿ 653 ಸಿಓಪಿಡಿ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆರಳು ಚುಚ್ಚಿ ಸಿಆರ್‌ಪಿ ನೋಡಿದ ಗುಂಪಿನಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರು ಶೇ. 57, ನೋಡದ ಗುಂಪಿನಲ್ಲಿ ಶೇ. 77. ಕಡಿಮೆ ಮಾತ್ರೆ ನುಂಗಿದವರಿಗೆ ತೊಂದರೆಯೇನೂ ಹೆಚ್ಚಾಗಲಿಲ್ಲ. ಅಲ್ಲಿ ಸಿಆರ್‌ಪಿ ಮಾತ್ರೆ ಉಳಿಸಿತು. ನಮ್ಮಲ್ಲಿ ಚೀಟಿಯನ್ನೂ ಬರೆಯುತ್ತಾರೆ, ಮಾತ್ರೆಯನ್ನೂ ಬರೆಯುತ್ತಾರೆ!

ಬೀಡಿ ಸೇದದ ನಮ್ಮ ಅಮ್ಮಂದಿರಿಗೆ ದಮ್ಮು ಎಲ್ಲಿಂದ ಬಂತು? ಒಲೆಯಿಂದ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಅಧ್ಯಯನದಲ್ಲಿ ಒಂದು ಸರಳ ಲೆಕ್ಕ ಬಳಸಿದ್ದರು: ದಿನಕ್ಕೆ ಸೌದೆ ಒಲೆ ಮುಂದೆ ಕೂತ ಗಂಟೆಗಳನ್ನು ವರ್ಷಗಳಿಂದ ಗುಣಿಸುವುದು. 60 ಮುಟ್ಟಿದರೆ ಎಚ್ಚರ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ ಅಂದರೆ ಆಯ್ತು, 60. ಈ ಲೆಕ್ಕ ಕೇಳಲು ಲ್ಯಾಬ್ ಬೇಕಾ?

2016ರಲ್ಲಿ ದೇಶದಲ್ಲಿ ಸುಮಾರು 5.5 ಕೋಟಿ ಸಿಓಪಿಡಿ ರೋಗಿಗಳಿದ್ದರು ಎಂಬ ಅಂದಾಜಿದೆ. ಸಕ್ಕರೆ, ಬಿಪಿ ನೋಡುವ ರಾಷ್ಟ್ರೀಯ ಕಾರ್ಯಕ್ರಮದ 2023ರ ಮಾರ್ಗಸೂಚಿಯಲ್ಲಿ ಸಿಓಪಿಡಿಯೂ ಇದೆ. ಕಾಗದದಲ್ಲಿ ಇದ್ದದ್ದು ಎಮ್ಮಿಗನೂರಿಗೆ, ಕಂಪ್ಲಿಗೆ ಬರಲಿ. ತಿಂಗಳಿಗೆ ಒಂದು ದಿನವಾದರೂ ಊದುವ ಪರೀಕ್ಷೆಯ ಕ್ಯಾಂಪ್ ನಡೆಯಲಿ. ಗ್ರಾಮಸಭೆಯಲ್ಲಿ ಇದನ್ನು ಬರೆಸೋಣ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಕೆಮ್ಮು ಎರಡು ವಾರ ಮೀರಿದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿಗಾಗಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ. ಟಿಬಿ ಅಲ್ಲ ಅಂದರೂ ದಮ್ಮು ಬಿಡದಿದ್ದರೆ ಡಾಕ್ಟರನ್ನು ಒಂದೇ ಮಾತು ಕೇಳಿ: 'ಸಾರ್, ಊದಿಸಿ ನೋಡೋದು ಯಾವಾಗ?'