ಉಪವಾಸದ ಹೊಸ ಮೋಹ

ಚಿತ್ರದುರ್ಗದ ಪೇಟೆಯಲ್ಲಿಯೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿಯೂ ಈಚೆಗೆ ಒಂದು ಹೊಸ ವ್ರತವು ಬಳಕೆಗೆ ಬಂದಿರುವುದನ್ನು ನಮ್ಮ ವಾಚಕರು ಗಮನಿಸದೆ ಇರಲಾರರು. ದಿನದ 24 ಗಂಟೆಗಳಲ್ಲಿ 16 ಗಂಟೆ ನಿರಾಹಾರವಾಗಿದ್ದು, ಉಳಿದ 8 ಗಂಟೆಗಳೊಳಗೆ ಊಟವನ್ನು ಮುಗಿಸುವುದು ಒಂದು ಪಂಥ. ಅನ್ನ, ಮುದ್ದೆ, ರೊಟ್ಟಿಗಳನ್ನು ತ್ಯಜಿಸಿ ಮೊಟ್ಟೆ, ಮಾಂಸ, ಬೆಣ್ಣೆ, ಪನೀರುಗಳಿಂದಲೇ ಹೊಟ್ಟೆ ತುಂಬಿಸುವುದು ಮತ್ತೊಂದು ಪಂಥ. ಮೈತೂಕವನ್ನು ಇಳಿಸುವುದೇ ಎರಡರ ಉದ್ದೇಶ. ಅಂಗೈಯ ಮೊಬೈಲೇ ಎರಡಕ್ಕೂ ಗುರುಪೀಠ. ಬೊಜ್ಜನ್ನು ಕರಗಿಸಬೇಕೆಂಬ ಹಂಬಲವನ್ನು ನಾವು ಹಾಸ್ಯಮಾಡುವವರಲ್ಲ. ಆದರೆ ಗಾಳಿಮಾತನ್ನು ನಂಬಿ ಜನರು ಆರೋಗ್ಯವನ್ನು ಕೆಡಿಸಿಕೊಳ್ಳುವ ಸಂಭವವಿರುವಾಗ ಸುಮ್ಮನಿರುವುದು ಪತ್ರಿಕಾಧರ್ಮವಲ್ಲ.

ಉಪವಾಸವು ನಮಗೆ ಹೊಸದೇನೂ ಅಲ್ಲ. ಏಕಾದಶಿ, ಶಿವರಾತ್ರಿ, ಶ್ರಾವಣದ ಸೋಮವಾರಗಳು ಉಂಟು, ಮುಸಲ್ಮಾನ ಬಾಂಧವರ ರಂಜಾನ್ ಉಂಟು, ಜೈನರ ಪರ್ಯೂಷಣವುಂಟು. ಒಂದು ಹೊತ್ತು ಉಂಡವನು ಯೋಗಿ, ಮೂರು ಹೊತ್ತು ಉಂಡವನು ರೋಗಿ ಎಂಬ ಗಾದೆಯನ್ನು ನಮ್ಮ ಅಜ್ಜಿಯರೇ ಹೇಳಿಕೊಟ್ಟಿರುವರು. ಮಹಾತ್ಮಾ ಗಾಂಧಿಯವರು 1924ರಲ್ಲಿ ದಿಲ್ಲಿಯಲ್ಲಿ 21 ದಿನಗಳ ಉಪವಾಸವನ್ನು ಕೈಕೊಂಡುದು ಹಿಂದೂ ಮುಸಲ್ಮಾನರ ಐಕ್ಯಕ್ಕಾಗಿ. ಅಲ್ಲೆಲ್ಲ ಹಸಿವೆಯು ಮನಸ್ಸನ್ನು ಹದಗೊಳಿಸುವ ಸಾಧನವಾಗಿತ್ತು. ಈಗಿನ ವ್ರತವಾದರೋ ತೂಕಕ್ಕಾಗಿಯೇ ಹಿಡಿದದ್ದು. ಆದುದರಿಂದ ಅದನ್ನು ತಕ್ಕಡಿಯಿಂದಲೇ ಅಳೆಯುವುದು ನ್ಯಾಯ.

ಹಾಗೆ ಅಳೆದವರುಂಟು. ಚೀನಾದ ಗ್ವಾಂಗ್‌ಝೌ ನಗರದ ವೈದ್ಯರು 139 ಮಂದಿ ಸ್ಥೂಲಕಾಯರನ್ನು ಎರಡು ಪಂಗಡ ಮಾಡಿ, ಎರಡಕ್ಕೂ ಮಿತವಾದ ಆಹಾರವನ್ನೇ ಗೊತ್ತುಪಡಿಸಿ, ಒಂದು ಪಂಗಡದವರು ಮಾತ್ರ ಬೆಳಗಿನ 8ರಿಂದ ಸಂಜೆಯ 4ರೊಳಗೆ ಉಣ್ಣಬೇಕೆಂದು ಕಟ್ಟುಮಾಡಿದರು. 2022ರಲ್ಲಿ ಪ್ರಕಟವಾದ ಅವರ ವರದಿಯಂತೆ, ಒಂದು ವರ್ಷದ ತರುವಾಯ ಗಂಟೆಯ ಕಟ್ಟಿದ್ದವರು ಸರಾಸರಿ 8 ಕಿಲೋ, ಇಲ್ಲದವರು 6.3 ಕಿಲೋ ಇಳಿದಿದ್ದರು. ಈ ಅಂತರವು ಶಾಸ್ತ್ರೀಯ ಗಣನೆಗೆ ನಿಲ್ಲುವಷ್ಟು ದೊಡ್ಡದಲ್ಲವೆಂದು ಅವರೇ ಒಪ್ಪಿರುವರು. ಆಗಲಿ, ರಾತ್ರಿಯ ತಿಂಡಿಯ ಚಪಲವುಳ್ಳವರಿಗೆ ಗಡಿಯಾರವು ಊರುಗೋಲಾಗಬಹುದು. ನಡೆಯಬೇಕಾದ ಕಾಲು ಮಿತಾಹಾರವೇ. ಹದಿನಾರು ಗಂಟೆ ಹಸಿದು ಮಿಕ್ಕ ಹೊತ್ತಿನಲ್ಲಿ ಬೋಂಡ, ಮಿಠಾಯಿಗಳ ಮೇಲೆ ಬೀಳುವವನು, ಏಕಾದಶಿಯಂದು ಅನ್ನವನ್ನು ಬಿಟ್ಟು ಎರಡರಷ್ಟು ಉಪ್ಪಿಟ್ಟು, ಅವಲಕ್ಕಿಗಳನ್ನು ಉಣ್ಣುವವನ ಒಡಹುಟ್ಟಿದವನೇ ಸರಿ.

ಪಿಷ್ಟಪದಾರ್ಥಗಳನ್ನು ಕಡಿಮೆಮಾಡಿರೆಂಬವರ ಮಾತಿನಲ್ಲಿ ಸತ್ಯಾಂಶವು ಹೆಚ್ಚಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದ ದೇಶವ್ಯಾಪಿ ಸಮೀಕ್ಷೆಯೊಂದು 2025ರಲ್ಲಿ ಪ್ರಕಟವಾಯಿತು. ನಮ್ಮ ಜನರ ಆಹಾರಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟದಿಂದಲೂ, ಸುಮಾರು 12 ಮಾತ್ರ ಸಸಾರಜನಕದಿಂದಲೂ ಬರುತ್ತಿರುವುದಾಗಿ ಅದು ತಿಳಿಸಿತು. ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಗೋಧಿಯ ಅಥವಾ ಸಿರಿಧಾನ್ಯದ ಹಿಟ್ಟನ್ನು ತಿಂದ ಮಾತ್ರಕ್ಕೆ ಮಧುಮೇಹದ ಭಯವು ತಗ್ಗದೆಂದೂ, ಪಿಷ್ಟದ ಒಂದು ಅಂಶವನ್ನು ಕಳೆದು ಅದರ ಸ್ಥಾನದಲ್ಲಿ ಬೇಳೆಕಾಳು, ಹಾಲುಮೊಸರು ಮೊದಲಾದವುಗಳ ಸಸಾರಜನಕವು ಬಂದರೆ ತಗ್ಗುವ ಸಂಭವವುಂಟೆಂದೂ ಅದರ ಲೆಕ್ಕ.

ಸಾವೆಗೆ ಹೆಸರಾದ ಹೊಸದುರ್ಗದ ಬಂಧುಗಳಿಗೆ ಈ ಮಾತು ರುಚಿಸದಿರಬಹುದು. ವಿಶ್ವಸಂಸ್ಥೆಯು 2023ನೆಯ ವರ್ಷವನ್ನೇ ಸಿರಿಧಾನ್ಯಗಳಿಗೆ ಮೀಸಲಿಟ್ಟುದು ನಮಗೂ ಹೆಮ್ಮೆ. ಸಾವೆ, ನವಣೆ, ರಾಗಿಗಳು ನಮ್ಮ ಮಳೆಗೊರತೆಯ ನೆಲಕ್ಕೆ ಒಪ್ಪಿದ ಧಾನ್ಯಗಳು. ಪಾಲಿಷು ಮಾಡಿದ ಅಕ್ಕಿಗಿಂತ ನಾರುಳ್ಳವು. ಆದರೆ ಮುದ್ದೆಯೂ ಪಿಷ್ಟವೇ. ದೊಡ್ಡ ಮುದ್ದೆಗೆ ತೆಳ್ಳನೆಯ ಸಾರು ಎಂಬ ಊಟವು ನಮ್ಮ ಹಿರಿಯರ ಹೊಲದ ಕ್ರಮಕ್ಕೇ ವಿರುದ್ಧವಾದುದು. ರಾಗಿಯ ನಡುವೆ ಅವರು ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆಗಳನ್ನು ಬಿತ್ತುತ್ತಿದ್ದರು. ಹೊಲದಲ್ಲಿ ಜೊತೆಯಾಗಿ ಬೆಳೆದುದು ತಟ್ಟೆಯಲ್ಲಿಯೂ ಜೊತೆಯಾಗಿರಲಿ. ಮುದ್ದೆಯು ಅರ್ಧವಾಗಲಿ, ಹುರುಳಿ ಹೆಸರುಕಾಳುಗಳೂ ಸೊಪ್ಪೂ ಇಮ್ಮಡಿಯಾಗಲಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅದೇ ಮಂಡಳಿಯ ಸಮೀಕ್ಷೆಯು 2023ರಲ್ಲಿ ಅಂದಾಜು ಮಾಡಿತು. ಇನ್ಸುಲಿನ್ನನ್ನಾಗಲಿ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನಾಗಲಿ ಎಂದಿನಂತೆ ತೆಗೆದುಕೊಂಡು ಊಟವನ್ನು ಬಿಟ್ಟವರಿಗೆ ರಕ್ತದ ಸಕ್ಕರೆಯು ಒಮ್ಮೆಲೇ ಕುಸಿದು, ಮೈ ಬೆವರಿ, ಕೈ ನಡುಗಿ, ಪ್ರಜ್ಞೆ ತಪ್ಪಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಹೀಗಾದೊಡನೆ ವ್ರತವನ್ನು ಮುರಿದು ಸಕ್ಕರೆಯ ನೀರನ್ನು ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಾವಾಗಿ ಮಾತ್ರೆಯನ್ನು ನಿಲ್ಲಿಸುವುದೂ ಅಷ್ಟೇ ಅಪಾಯಕರ. ಗರ್ಭಿಣಿಯರು, ಮೊಲೆಯೂಡುವ ತಾಯಂದಿರು, ಬೆಳೆಯುವ ಮಕ್ಕಳು ಈ ಗೀಳಿಗೆ ಬೀಳಲೇಬಾರದು. ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಮಾಂಸ ಮೊಟ್ಟೆಗಳನ್ನು ಹೆಚ್ಚಿಸಬಾರದು. ತಾಲ್ಲೂಕು ಆಸ್ಪತ್ರೆಯ ವೈದ್ಯರ ಒಂದು ಮಾತು ಮೊಬೈಲಿನ ನೂರು ಉಪದೇಶಗಳಿಗಿಂತ ಮೇಲು.

ಇನ್ನು ಉಳಿದುದು ಬಡವರ ಪ್ರಶ್ನೆ. ಹೊಳಲ್ಕೆರೆಯ ಅಡಕೆ ತೋಟದಲ್ಲಿ ದಿನವಿಡೀ ದುಡಿಯುವ ಕೂಲಿಯವನಿಗೆ ಹದಿನಾರು ಗಂಟೆಯ ವ್ರತವನ್ನು ಯಾರು ಬೋಧಿಸಬೇಕು? ಅವನ ತಟ್ಟೆಯಲ್ಲಿ ಅಕ್ಕಿ ರಾಗಿಗಳೇ ತುಂಬಿರುವುದು ಜಿಹ್ವಾಚಾಪಲ್ಯದಿಂದಲ್ಲ, ಬೇಳೆಯ ಬೆಲೆಯಿಂದ. ಪಡಿತರದಲ್ಲಿ ಧಾನ್ಯವನ್ನೇ ಕೊಟ್ಟು ಧಾನ್ಯವನ್ನು ಕಡಿಮೆ ಉಣ್ಣಿರೆಂದು ಹೇಳುವುದು ಎಂತಹ ನೀತಿ? ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ ಮೊದಲಾದವುಗಳ ಕಿಟ್ಟನ್ನು ಕೊಡಲು ರಾಜ್ಯದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿದುದು ಸರಿಯಾದ ಹೆಜ್ಜೆ. ಆ ಬೇಳೆಯು ತಿಂಗಳು ತಿಂಗಳೂ ತಪ್ಪದೆ ಮನೆಮನೆಗೆ ಮುಟ್ಟುವಂತೆ ಸರಕಾರದವರು ನೋಡಿಕೊಳ್ಳಬೇಕು. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧಕರು ಅಕ್ಕಡಿಯ ಕಾಳುಗಳಿಗೆ ಮತ್ತೆ ರೈತರ ಹೊಲದಲ್ಲಿ ಸ್ಥಾನ ದೊರಕಿಸಬೇಕು.

ಉಳ್ಳವರು ತಮ್ಮ ತುತ್ತನ್ನು ಮಿತಗೊಳಿಸಲಿ. ಇಲ್ಲದವರ ತುತ್ತಿನಲ್ಲಿ ಕಾಳು ಹೆಚ್ಚಲಿ. ಈ ಎರಡೂ ಕೂಡಿ ನಡೆದಲ್ಲಿ ಮಾತ್ರ ನಾಡಿನ ಆರೋಗ್ಯವು ಸುಧಾರಿಸುವುದೆಂದು ನಮ್ಮ ದೃಢವಾದ ಅಭಿಪ್ರಾಯ.