ರೀಲು ಕೊಂಡವರು, ರೀಲು ಉಳಿಸಿದವರು

ಫಿಲ್ಮ್ ಛಾಯಾಗ್ರಹಣಕ್ಕೆ ಹೊಸ ಪೀಳಿಗೆ ಮರುಜೀವ ಕೊಟ್ಟಿದೆ ಎಂಬ ಬರಹ ಆಗಾಗ ಯಾವುದಾದರೊಂದು ಪುರವಣಿಯಲ್ಲಿ ಕಾಣಿಸಿಕೊಳ್ಳುತ್ತದೆ. ಜೊತೆಗೆ, ಅಜ್ಜನ ಕಾಲದ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡ ಹುಡುಗಿಯದೋ ಹುಡುಗನದೋ ಒಂದು ಚಿತ್ರ. ಇಪ್ಪತ್ತರ ಹರೆಯದವರು ರೀಲು ಕೊಳ್ಳುತ್ತಿದ್ದಾರೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಫಿಲ್ಮ್ ಉಳಿದದ್ದು ಅವರಿಂದ ಎಂಬುದನ್ನು ಮಾತ್ರ ಒಪ್ಪಲಾರೆ.

ಫಿಲ್ಮ್ ತಯಾರಿಕೆ ಹಿತ್ತಲಲ್ಲಿ ನಡೆಸುವ ಕಸುಬಲ್ಲ. ಮೀಟರಿಗೂ ಮೀರಿದ ಅಗಲದ, ಕಿಲೋಮೀಟರಿಗೂ ಮೀರಿದ ಉದ್ದದ ಹಾಳೆಯ ಮೇಲೆ, ಕಗ್ಗತ್ತಲಲ್ಲಿ, ಬೆಳ್ಳಿಯ ಲವಣ ಬೆರೆತ ಜೆಲಟಿನ್ನನ್ನು ಪದರಪದರವಾಗಿ ಬಳಿಯಬೇಕು. ಎಲ್ಲ ಪದರ ಸೇರಿದರೂ ಕೂದಲೆಳೆಯಷ್ಟು ದಪ್ಪವಾಗಬಾರದು. ಇಂಥ ಯಂತ್ರವನ್ನು ಅಲ್ಪಸ್ವಲ್ಪಕ್ಕಾಗಿ ಓಡಿಸಿದರೆ ನಷ್ಟವೇ. ಅಮೆರಿಕದ ರಾಚೆಸ್ಟರ್‌ನಲ್ಲಿ ಕೊಡಾಕ್‌ನ ಯಂತ್ರಕ್ಕೆ ಕೆಲಸ ಕೊಡುತ್ತಿದ್ದದ್ದು ಮುಖ್ಯವಾಗಿ ಸಿನಿಮಾ. 2006ರಲ್ಲಿ ಕಂಪನಿ ಮಾರಿದ ಸಿನಿಮಾ ಫಿಲ್ಮ್ ಸುಮಾರು 1240 ಕೋಟಿ ಅಡಿ. 2014ರ ಹೊತ್ತಿಗೆ ಅದು 45 ಕೋಟಿ ಅಡಿಗೆ ಕುಸಿದಿತ್ತು. ಅಷ್ಟರಲ್ಲಿ ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿಯಾಗಿತ್ತು, ಫ್ಯೂಜಿಫಿಲ್ಮ್ 2013ರಲ್ಲಿ ಸಿನಿಮಾ ಫಿಲ್ಮಿನ ತಯಾರಿಕೆಯನ್ನೇ ಕೈಬಿಟ್ಟಿತ್ತು. ಆಗ ಪಟ್ಟು ಹಿಡಿದವರು ಕ್ರಿಸ್ಟೋಫರ್ ನೋಲನ್, ಕ್ವೆಂಟಿನ್ ಟ್ಯಾರಂಟಿನೊ, ಜೆ.ಜೆ. ಏಬ್ರಮ್ಸ್‌ರಂಥ ನಿರ್ದೇಶಕರು. 2015ರಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೊಗಳು ಫಿಲ್ಮ್ ಕೊಳ್ಳುವುದಾಗಿ ಕೊಡಾಕ್ ಜೊತೆ ಒಪ್ಪಂದ ಮಾಡಿಕೊಂಡವು. ಮುಂದೆ 'ಓಪನ್‌ಹೈಮರ್' ಸಿನಿಮಾಕ್ಕಾಗಿ 65 ಮಿ.ಮೀ.ನ ಕಪ್ಪು-ಬಿಳುಪು ಫಿಲ್ಮನ್ನು ಆ ಕಾರ್ಖಾನೆ ಹೊಸದಾಗಿಯೇ ತಯಾರಿಸಿಕೊಟ್ಟಿತು. ಇಂದಿನ ಹುಡುಗರು ಕ್ಯಾಮೆರಾಕ್ಕೆ ತುಂಬುವ ಕೊಡಾಕ್ ಗೋಲ್ಡ್ ಕೂಡ ಅಲ್ಲಿಂದಲೇ ಬರುವುದು. ನಡುವಯಸ್ಸು ದಾಟುತ್ತಿದ್ದ ಕೆಲವು ಶ್ರೀಮಂತರ ಹಟ ಇಲ್ಲದಿದ್ದರೆ ಆ ಡಬ್ಬಿ ಅಂಗಡಿಯಲ್ಲಿ ಇರುತ್ತಿತ್ತೋ ಇಲ್ಲವೋ.

ಇದೆಲ್ಲ ಬರೀ ಶೋಕಿ ಎಂದು ಮೂಗು ಮುರಿಯುವವರಿಗೆ ಉತ್ತರ ಬೇಕಿಲ್ಲ. ಕ್ಯಾಮೆರಾ ಮನೆಮನೆ ಹೊಕ್ಕಿದ್ದೇ ಶೋಕಿಯಾಗಿ.

ತೂಕವುಳ್ಳ ವಾದ ಬೇರೆಯೇ ಇದೆ. 2012ರಲ್ಲಿ ನಿಂತುಹೋಗಿದ್ದ ಕೊಡಾಕ್‌ನ ಎಕ್ಟಾಕ್ರೋಮ್ ಫಿಲ್ಮ್ 2018ರಲ್ಲಿ ಮರಳಿ ಬಂತು. ಕಪ್ಪು-ಬಿಳುಪಿಗೇ ಹೆಸರಾಗಿದ್ದ ಇಂಗ್ಲೆಂಡಿನ ಹಾರ್ಮನ್ 2023ರ ಕೊನೆಗೆ 'ಫೀನಿಕ್ಸ್' ಎಂಬ ಬಣ್ಣದ ಫಿಲ್ಮ್ ತಂದಿತು. 2024ರಲ್ಲಿ ಪೆಂಟ್ಯಾಕ್ಸ್ 17 ಎಂಬ ಹೊಸ ಫಿಲ್ಮ್ ಕ್ಯಾಮೆರಾ ಬಂತು. ಅದನ್ನು ರೂಪಿಸುವಾಗ ಕಂಪನಿಯ ಈಗಿನ ಎಂಜಿನಿಯರುಗಳು ನಿವೃತ್ತರ ಬಳಿ ಹೋಗಿ ಹಳೆಯ ವಿದ್ಯೆ ಕೇಳಿ ತಿಳಿಯಬೇಕಾಯಿತು. ಒಂದು ಫ್ರೇಮಿನ ಜಾಗದಲ್ಲಿ ಎರಡು ಚಿತ್ರ, ಅದೂ ಮೊಬೈಲ್ ಪರದೆಯ ಹಾಗೆ ನಿಂತ ಚಿತ್ರ. ಯಾರಿಗಾಗಿ ಮಾಡಿದ್ದು ಎಂದು ಬಿಡಿಸಿ ಹೇಳಬೇಕಿಲ್ಲ. ಬೇಡಿಕೆ ಕಾಣದೆ ಯಾವ ಕಂಪನಿಯೂ ಇಷ್ಟು ದುಡ್ಡು ಸುರಿಯದು. ಈ ಮಟ್ಟಿಗೆ ಯುವಜನರ ಪಾಲು ದೊಡ್ಡದೇ.

ಆದರೂ ಹೊಸ ಕ್ಯಾಮೆರಾ ಬೆರಳೆಣಿಕೆಯವು. ಬಹುಪಾಲು ಕೈಗಳಲ್ಲಿರುವುದು ಸೆಕೆಂಡ್ ಹ್ಯಾಂಡ್ ಮಾಲು. ತಾರೆಯರ ಕೈಯಲ್ಲಿ ಕಂಡದ್ದೇ ತಡ ಬೆಲೆ ಗಗನಕ್ಕೇರಿದ ಕಾಂಟ್ಯಾಕ್ಸ್ ಟಿ2 ಬಂದದ್ದು 1990ರಲ್ಲಿ. ಕಾಂಟ್ಯಾಕ್ಸ್ ಕ್ಯಾಮೆರಾಗಳ ತಯಾರಿಕೆ 2005ರಲ್ಲಿ ನಿಂತಿತು. ಒಳಗಿನ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ, ಕೆಟ್ಟುಹೋದ ಇನ್ನೊಂದರಿಂದ ಬಿಡಿಭಾಗ ಕಿತ್ತು ಹಾಕಬೇಕು. ಇರುವ ದಾಸ್ತಾನನ್ನು ಕರಗಿಸುತ್ತಿದ್ದೇವೆ, ಅಷ್ಟೆ. ನಮ್ಮ ದೇಶದ ಮಾತಂತೂ ಹೇಳುವಂತಿಲ್ಲ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಮಾಡುತ್ತಿತ್ತು. ಬಣ್ಣದ ಕಾಲಕ್ಕೆ ಹೊಂದಿಕೊಳ್ಳಲಾಗದೆ ಅದು ನಷ್ಟಕ್ಕೆ ಬಿದ್ದು ಮುಚ್ಚಿತು. ಬೆಂಗಳೂರಿನ ಹುಡುಗರು ಈಗ ತುಂಬುವ ರೀಲು ಹೊರದೇಶದಿಂದ ಬಂದದ್ದು. ಡಾಲರ್ ಏರಿದರೆ ಅವರ ಹವ್ಯಾಸಕ್ಕೂ ಬೆಲೆ ಏರುತ್ತದೆ.

ನನ್ನ ನಿಜವಾದ ಜಗಳ ಇರುವುದು ನೆಗೆಟಿವ್ ವಿಷಯದಲ್ಲಿ. ರೀಲು ತೊಳೆಸಲು ಕೊಡುತ್ತಾರೆ, ಸ್ಕ್ಯಾನ್ ಮಾಡಿದ ಚಿತ್ರ ಫೋನಿಗೆ ಬರುತ್ತದೆ, ಇನ್‌ಸ್ಟಾಗ್ರಾಂಗೆ ಏರುತ್ತದೆ. ನೆಗೆಟಿವ್ ಕೇಳಿಕೊಂಡು ಎಷ್ಟೋ ಜನ ಲ್ಯಾಬಿನ ಕಡೆ ಸುಳಿಯುವುದೇ ಇಲ್ಲ. ಅವರು ಮೆಚ್ಚಿಕೊಳ್ಳುವ 'ಫಿಲ್ಮಿನ ಬಣ್ಣ' ಇದೆಯಲ್ಲ, ಅದನ್ನು ಅರ್ಧಕ್ಕರ್ಧ ತೀರ್ಮಾನಿಸುವುದು ನೊರಿಟ್ಸು ಅಥವಾ ಫ್ರಂಟಿಯರ್ ಸ್ಕ್ಯಾನರಿನೊಳಗಿನ ಸಾಫ್ಟ್‌ವೇರ್. ಅಂದರೆ ಸುತ್ತು ಬಳಸಿ, ದುಬಾರಿ ಬೆಲೆ ತೆತ್ತು, ಇಪ್ಪತ್ತು ವರ್ಷ ಹಳೆಯ ಡಿಜಿಟಲ್ ಚಿತ್ರ ಪಡೆಯುವುದು! ಫಿಲ್ಮಿಗೆ ವಿಶಿಷ್ಟವಾದದ್ದು ಏನಾದರೂ ಇದ್ದರೆ ಅದು ಆ ನೆಗೆಟಿವ್ ಪಟ್ಟಿ. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮಾಯರ್ 2009ರಲ್ಲಿ ತೀರಿಕೊಂಡಾಗ ಆಕೆ ಛಾಯಾಗ್ರಾಹಕಿ ಎಂದು ಜಗತ್ತಿಗೆ ಗೊತ್ತಿರಲಿಲ್ಲ. ಬಾಡಿಗೆ ಕಟ್ಟದೆ 2007ರಲ್ಲಿ ಹರಾಜಾಗಿದ್ದ ಆಕೆಯ ಸಾಮಾನುಗಳಲ್ಲಿ ರಾಶಿ ರಾಶಿ ನೆಗೆಟಿವ್‌ಗಳಿದ್ದವು, ತೊಳೆಸದೇ ಇದ್ದ ರೀಲುಗಳೂ ಇದ್ದವು. ಆಕೆಯ ಇಂದಿನ ಹೆಸರೆಲ್ಲ ಅವುಗಳದೇ. ಈಗಿನವರ ನೆಗೆಟಿವ್‌ಗಳನ್ನು ಲ್ಯಾಬಿನವರು ಕೆಲವು ತಿಂಗಳು ಕಾದು ಕಸಕ್ಕೆ ಹಾಕುತ್ತಾರೆ. ಅವರದೇನೂ ತಪ್ಪಿಲ್ಲ, ಅಂಗಡಿ ಜಾಗಕ್ಕೆ ಬಾಡಿಗೆ ಕಟ್ಟುವವರು ಅವರು.