ಗಣಿತ ಮೇಷ್ಟ್ರ ಸಭೆಯಲ್ಲಿ ಗಣಿತವಿರಲಿ

ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗವೋ ಎಂದು ಕೇಳಿದರೆ ಎಷ್ಟೋ ಮಕ್ಕಳು ನಾಲ್ಕನೇ ಒಂದು ಎನ್ನುತ್ತಾರೆ. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? ಈ ತಪ್ಪಿನೊಳಗೂ ಒಂದು ತರ್ಕವಿದೆ. ಅದನ್ನು ತಿದ್ದಲು ರೊಟ್ಟಿ ಮುರಿದು ತೋರಿಸಬೇಕೋ, ಕಾಗದ ಮಡಿಸಬೇಕೋ, ಸಂಖ್ಯಾರೇಖೆಯ ಮೇಲೆ ಗುರುತಿಸಬೇಕೋ ಎಂದು ಹತ್ತು ಮಂದಿ ಶಿಕ್ಷಕರು ಕೂತು ಮಾತಾಡಿದರೆ ಅದು ತರಬೇತಿ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ನಮ್ಮ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಇರಬೇಕಾದದ್ದು ಇದಕ್ಕಾಗಿಯೇ. ಸುತ್ತೋಲೆ, ಅಂಕಿಅಂಶ, ಆನ್‌ಲೈನ್ ನಮೂದುಗಳೇ ಹೊತ್ತನ್ನೆಲ್ಲ ನುಂಗಿದರೆ ಭಿನ್ನರಾಶಿಗೆ ಉಳಿಯುವುದೆಷ್ಟು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದು ಹೇಳಿದೆ. ಗಂಟೆ ಎಣಿಸುವುದು ಸುಲಭ; ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದು ಮುಖ್ಯ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹಿಂದಿನಿಂದ ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಚರ್ಚಿಸುತ್ತ ಬಂದಿದ್ದಾರೆ. ಅಲ್ಲಿ ಒರೆಗೆ ಹಚ್ಚುವುದು ಪಾಠವನ್ನು, ಮೇಷ್ಟ್ರನ್ನಲ್ಲ. ನಮ್ಮ ಶಿಕ್ಷಣ ಇಲಾಖೆಯೂ ತಿಂಗಳಿಗೊಂದು ಸಭೆಯನ್ನಾದರೂ ಹೀಗೆ ತರಗತಿಯೊಳಗೇ ನಡೆಸಲಿ; ಆ ದಿನ ಯಾವ ವರದಿಯನ್ನೂ ಕೇಳದಿರಲಿ.